ಜಾಥಾದ ಕೊನೆಯ ಸೈಕಲ್

"ಇನ್ನೊಂಚೂರು ಎತ್ತಿ ಸಾರ್, ತೋಳು ಒಳಗೆ ಹೋಗ್ತಾ ಇಲ್ಲ," ಎಂದ ಔಷಧಿ ಅಂಗಡಿಯವನು. ಸೈಕಲ್ ಬಳಗದ ಅಧ್ಯಕ್ಷರು ಹೆಣದ ಬೆನ್ನಿನಡಿ ಕೈಕೊಟ್ಟು ಎತ್ತಿದರು. ಹಳದಿ ಟೀ ಶರ್ಟು ಸತ್ತವನ ಮೊಣಕೈವರೆಗೆ ಬಂದು ಅಲ್ಲೇ ಮೊಂಡು ಹಿಡಿದಿತ್ತು. ಅದರ ಎದೆಯ ಮೇಲೆ ದಪ್ಪ ಹಸಿರು ಅಕ್ಷರಗಳಲ್ಲಿ 'ಉಸಿರಿಗಾಗಿ ಪೆಡಲ್ ತುಳಿಯೋಣ' ಎಂದಿತ್ತು.

ತಮ್ಮನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಂಡು ಒಳಗಿನಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಅವಳು ಆ ಕಡೆ ತಿರುಗಿದ ಐದು ನಿಮಿಷದಲ್ಲಿ ಇವರು ಇಷ್ಟು ಮಾಡಿ ಮುಗಿಸಿದ್ದರು.

"ಏನ್ ಮಾಡ್ತಾ ಇದೀರಾ?"

"ನಮ್ಮ ಬಳಗದ ಗೌರವ ಅಮ್ಮಾ," ಎಂದರು ಅಧ್ಯಕ್ಷರು. ಹೆಣ ಎತ್ತಿ ಹಿಡಿದುಕೊಂಡೇ ಅವರಿಗೆ ಭಾಷಣದ ದನಿ ಬಂದಿತ್ತು. "ದೊಡ್ಡ ಅಳತೇದು ಮುಗಿದುಹೋಗಿದೆ, ಚಿಕ್ಕದೇ ಉಳಿದಿರೋದು. ಸ್ವಲ್ಪ ಎಳೆದ್ರೆ ಕೂರತ್ತೆ."

"ಉಸಿರು ನಿಂತವನ ಎದೆ ಮೇಲೆ ಉಸಿರಿನ ಬೋರ್ಡ್ ಹಾಕ್ತೀರಲ್ಲ, ಒಂದ್ಸಲ ಓದಿನೋಡಿದ್ರಾ? ಕಾಲೇಜಲ್ಲಿ ಪಾಠ ಹೇಳಿದೋರು ಬೇರೆ ನೀವು. ಮಲಗಿಸಿ ಅವನನ್ನ."

ಅಧ್ಯಕ್ಷರು ಮಲಗಿಸಿದರು. ಅಕ್ಕ ಕತ್ತರಿ ತಂದು ಟೀ ಶರ್ಟನ್ನು ಕೊರಳಿನಿಂದ ಅಂಚಿನವರೆಗೆ ಒಂದೇ ಎಳೆತಕ್ಕೆ ಸೀಳಿದಳು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದುಡಿದವಳು ಅವಳು. ಬಿಗಿದ ಕೈಗೆ ಅಂಗಿ ಹಾಕುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಳಿ ಅಂಗಿಯ ಬೆನ್ನನ್ನು ಕತ್ತರಿಸಿ, ಮುಂದಿನಿಂದ ತೋಳು ತೊಡಿಸಿ, ಅಂಚನ್ನು ಮೈಯಡಿ ಸಿಕ್ಕಿಸಿ, ಕಾಲರಿನ ಗುಂಡಿಯವರೆಗೂ ಹಾಕಿದಳು. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಅದನ್ನು ಸೆರಗಿನ ತುದಿಯಿಂದ ಇನ್ನೊಮ್ಮೆ ಉಜ್ಜಿದಳು. ಈ ಜನರ ಮುಂದೆ ಕಣ್ಣೀರು ಹಾಕಲು ಅವಳಿಗೆ ಇಷ್ಟವಿರಲಿಲ್ಲ.

ಹೊರಗೆ ಬೀದಿಯ ತುಂಬ ಹಳದಿ. ನಲವತ್ತು ಸೈಕಲ್‌ಗಳು ಗೋಡೆಗೆ ಒರಗಿದ್ದವು. ತಮ್ಮ ತಮ್ಮ ಸೈಕಲನ್ನು ಒಂದು ಬೆರಳಲ್ಲಿ ಎತ್ತಬಹುದೆಂಬುದೇ ಅವುಗಳ ಒಡೆಯರಿಗೆ ದೊಡ್ಡ ಹೆಮ್ಮೆ. ಶೋಕಕ್ಕೆಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಮಂಡಿನೋವಿನ ಬಗ್ಗೆ, ಸೀಟಿನ ಮೆತ್ತೆಯ ಬಗ್ಗೆ ಮಾತಾಡಿಕೊಂಡಿದ್ದರು. ಕಾರ್ಯದರ್ಶಿ ಹೆಂಗಸು ಫೋನ್ ಹಿಡಿದು, "ನಗಬೇಡ್ರೀ, ಇವತ್ತು ನಗಬಾರದು," ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಳು. ಎರಡು ಕೋಲುಗಳ ನಡುವೆ ಬ್ಯಾನರು ಸಿದ್ಧವಾಗಿತ್ತು: 'ಪಂಚರಣ್ಣ ಅಮರ'. ಹದಿನಾಲ್ಕು ವರ್ಷ ಜೊತೆಗಿದ್ದರೂ ಅವರಿಗೆ ಅವನು ಪಂಚರಣ್ಣನೇ.

*

ಹದಿನಾಲ್ಕು ವರ್ಷಗಳ ಹಿಂದೆ ಒಂದು ಸಂಜೆ ಅಧ್ಯಕ್ಷರು ಸೈಕಲ್ ತಳ್ಳಿಕೊಂಡು ಮೆಟ್ಟಿಲ ಕೆಳಗಿನ ತಮ್ಮನ ಪಂಚರ್ ಅಂಗಡಿಗೆ ಬಂದಿದ್ದರು. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಒಬ್ಬ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ, ಒಂದು ಪಂಪು, ಒಂದು ಬಾಣಲೆ ನೀರು, ಗೋಡೆಯ ಮೊಳೆಗಳಿಗೆ ನೇತುಬಿಟ್ಟ ಟ್ಯೂಬುಗಳು. ಇವನು ಟ್ಯೂಬನ್ನು ನೀರಿಗದ್ದಿ ಗುಳ್ಳೆ ಏಳುವ ಜಾಗ ಹುಡುಕುವಷ್ಟು ಹೊತ್ತೂ ಅವರು ನದಿಗಳ ಬಗ್ಗೆ ಮಾತಾಡಿದರು. ನದಿ ಉಳಿಸಲು ಮೂರು ದಿನದ ಸೈಕಲ್ ಜಾಥಾ ಹೊರಟಿದೆಯಂತೆ. "ನಿಮ್ಮಂಥ ಶ್ರಮಜೀವಿಗಳು ನಮ್ಮ ಜೊತೆಗಿರಬೇಕು," ಎಂದರು.

ರಾತ್ರಿ ಊಟಕ್ಕೆ ಕೂತಾಗ ತಮ್ಮ ಆ ಮಾತನ್ನು ಮೂರು ಸಲ ಹೇಳಿದ.

"ಜೊತೆಗಿರಿ ಅಂದ್ರು ಅಕ್ಕಾ."

"ನಿನ್ನ ಪಂಪು ಜೊತೆಗಿರಲಿ ಅಂದಿದ್ದು ಕಣೋ ಕತ್ತೆ."

ಅವನು ನಕ್ಕ, ಹೋದ. ಮುಂದಿನ ವರ್ಷವೂ ಹೋದ. ನದಿ ಮುಗಿದ ಮೇಲೆ ಗುಬ್ಬಚ್ಚಿ ಬಂತು, ಗುಬ್ಬಚ್ಚಿ ಆದಮೇಲೆ ಪ್ಲಾಸ್ಟಿಕ್ಕು, ಅದಾದಮೇಲೆ ವಿಶ್ವಶಾಂತಿ. ಪ್ರತಿ ಸಲವೂ ಬಣ್ಣ ಬದಲಾದ ಟೀ ಶರ್ಟು, ಪ್ರತಿ ಸಲವೂ ಅದೇ ಜನ. ಜಾಥಾದ ನಿಯಮದಂತೆ ಅಧ್ಯಕ್ಷರು ಎಲ್ಲರಿಗಿಂತ ಮುಂದೆ, ಇವನು ಎಲ್ಲರಿಗಿಂತ ಹಿಂದೆ. ಕೊನೆಯವನಾದ ಇವನಿಗಿಂತ ಹಿಂದೆ ಯಾರೂ ಉಳಿಯಬಾರದು. ಯಾರದ್ದು ಪಂಚರಾದರೂ, ಚೈನು ಕಳಚಿದರೂ, ಇವನು ನಿಂತು ಸರಿಮಾಡಿ ಅವರನ್ನು ಮುಂದಕ್ಕೆ ಕಳಿಸಿ ತಾನು ಹಿಂಬಾಲಿಸಬೇಕು. ತಂಗುವ ಜಾಗ ಬಂದಾಗ ತಲೆ ಎಣಿಸಿ, "ಎಲ್ಲಾ ಬಂದ್ರು ಸಾರ್!" ಎಂದು ಕೂಗಬೇಕು. ಆಗ ಅಧ್ಯಕ್ಷರು ಸೀಟಿ ಊದುತ್ತಾರೆ, ಭಾಷಣ ಶುರುವಾಗುತ್ತದೆ.

ಆ ಕೂಗಿನ ಬಗ್ಗೆ ತಮ್ಮನಿಗೆ ಬಹಳ ಅಭಿಮಾನವಿತ್ತು. "ನಾನು ಹೇಳೋ ತನಕ ಏನೂ ಶುರು ಆಗಲ್ಲ ಅಕ್ಕಾ," ಎನ್ನುತ್ತಿದ್ದ.

"ಹೌದಪ್ಪಾ, ನೀನಿಲ್ದೆ ಇದ್ರೆ ಲೋಕಾನೇ ನಿಂತುಹೋಗತ್ತೆ," ಎಂದು ಇವಳು ಮೂಗು ಮುರಿಯುತ್ತಿದ್ದಳು.

*

ಶವದ ಗಾಡಿಯ ಚಾಲಕ ಬಂದು, ಚಿತಾಗಾರದಲ್ಲಿ ಹನ್ನೊಂದೂವರೆಯ ಸರದಿ ಸಿಕ್ಕಿದೆ, ಬೇಗ ಹೊರಡಬೇಕು ಎಂದ. ಅಧ್ಯಕ್ಷರು ಜೇಬಿನಿಂದ ಎರಡು ಹಾಳೆ ತೆಗೆದು, ಬೀದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿದರು. ತಮ್ಮನಿಗೆ ಗೊತ್ತೇ ಇರದಿದ್ದ ಅವನ ಸಿದ್ಧಾಂತಗಳೆಲ್ಲ ಅದರಲ್ಲಿದ್ದವು. ಕೊನೆಗೆ ದನಿ ತಗ್ಗಿಸಿ, "ಈ ಶುದ್ಧಗಾಳಿ ಜಾಥಾದಲ್ಲಿ, ಸಂಗಾತಿಗಳ ತೋಳುಗಳಲ್ಲಿಯೇ ಅವರು ಕೊನೆಯುಸಿರೆಳೆದರು," ಎಂದರು. ಕಾರ್ಯದರ್ಶಿ ಕಣ್ಣೊರೆಸಿಕೊಂಡಳು.

ಅಕ್ಕನ ಸೊಂಟದ ಚೀಲದಲ್ಲಿ ಆಸ್ಪತ್ರೆಯ ಚೀಟಿಯಿತ್ತು. ನಿನ್ನೆಯಿಂದ ಅದನ್ನು ಹತ್ತು ಸಲ ಓದಿದ್ದಳು. 'ತಂದ ಸಮಯ: ಮಧ್ಯಾಹ್ನ ಎರಡು ನಲವತ್ತು. ತಂದವರು: ಇಟ್ಟಿಗೆ ಲಾರಿ ಚಾಲಕ.' ಹೃದಯ ನಿಂತು ಬಹಳ ಹೊತ್ತಾಗಿದೆ ಎಂದೂ ಬರೆದಿತ್ತು. ತೋಳುಗಳಲ್ಲಿ ಸತ್ತವನನ್ನು ಇಟ್ಟಿಗೆ ಲಾರಿಯವನು ಯಾಕೆ ತಂದ? ತಮ್ಮ ಸತ್ತ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಆದರೆ ಸಾಯುವಾಗ ಅವನ ಹತ್ತಿರ ಯಾರಾದರೂ ಇದ್ದರೋ ಇಲ್ಲವೋ, ಅಷ್ಟು ಅವಳಿಗೆ ಗೊತ್ತಾಗಬೇಕಿತ್ತು. ಅದು ತಿಳಿಯದೆ ಅವನನ್ನು ಬೆಂಕಿಗೆ ಕೊಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಔಷಧಿ ಅಂಗಡಿಯವನನ್ನು ಕಣ್ಸನ್ನೆಯಲ್ಲೇ ಅಡುಗೆಮನೆಗೆ ಕರೆದಳು. ಅವಳ ರಕ್ತದೊತ್ತಡದ ಮಾತ್ರೆ ಕೊಡುವವನೂ ಅವನೇ. ಒಳ್ಳೆಯವನು, ಆದರೆ ಯಾರ ಎದುರೂ ಇಲ್ಲ ಅನ್ನಲು ಬಾರದವನು.

"ನೋಡಪ್ಪಾ, ನೀನೂ ಹೋಗಿದ್ದೆ. ಸುಳ್ಳು ಹೇಳ್ಬೇಡ. ಯಾರ ತೋಳಲ್ಲಿ ಸತ್ತ ಅವನು?"

ಅವನು ತೊಳೆಯುವ ಕಲ್ಲಿನ ಮೇಲಿದ್ದ ಲೋಟವನ್ನು ಎತ್ತಿದ, ಮತ್ತೆ ಅಲ್ಲೇ ಇಟ್ಟ.

"ಅಕ್ಕಾ, ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಏರು ದಾರೀಲಿ ನನ್ನ ಚೈನ್ ಕಳಚ್ತು. ಅವ್ರೇ ಹಾಕಿಕೊಟ್ರು. ಬೆವರು ಸುರೀತಾ ಇತ್ತು. ಎದೆ ಯಾಕೋ ಹಿಡ್ಕೊಂಡ ಹಾಗಿದೆ, ನೀನು ನಡಿ, ಬಂದೆ ಅಂದ್ರು."

"ನೀನು ನಡೆದೆ."

"ನಿಯಮ ಅಕ್ಕಾ. ಕೊನೆಯವರ ಹಿಂದೆ ಯಾರೂ ಉಳಿಯೋ ಹಾಗಿಲ್ಲ."

"ಆಮೇಲೆ?"

"ಹನ್ನೊಂದಕ್ಕೆ ಶಾಲೆ ಮೈದಾನ ತಲುಪಿದ್ವಿ. ಪತ್ರಿಕೆಯೋರು ಕಾಯ್ತಾ ಇದ್ರು, ಅವ್ರಿಗೆ ಅರ್ಜೆಂಟು. ಭಾಷಣ ಆಯ್ತು, ಫೋಟೊ ಆಯ್ತು, ಗಿಡ ನೆಟ್ವಿ, ಊಟ ಮಾಡಿದ್ವಿ."

"ಎಲ್ಲಾ ಬಂದ್ರು ಅಂತ ಯಾರು ಕೂಗಿದ್ದು?"

"ಯಾರೂ ಕೂಗಿಲ್ಲ ಅಕ್ಕಾ. ಎಣಿಸೋ ಕೆಲಸ ಅವ್ರದ್ದೇ ಅಲ್ವಾ? ಬೇರೆ ಯಾರೂ ಎಣಿಸಲ್ಲ."

"ಎಷ್ಟೊತ್ತಿಗೆ ನೆನಪಾದ ಅವನು?"

"ಮೂರು ಗಂಟೆಗೆ. ಹೊರಡೋಣ ಅಂತ ನೋಡಿದ್ರೆ ಅಧ್ಯಕ್ಷರ ಹಿಂದಿನ ಚಕ್ರ ಗಾಳಿ ಇಳಿದಿತ್ತು. ಪಂಚರಣ್ಣ ಎಲ್ಲಿ ಅಂದ್ರು. ಆಗ ಎಲ್ರೂ ಹುಡುಕಿದ್ವಿ."

ಅಕ್ಕನ ಮೈಯೆಲ್ಲ ಉರಿಯಿತು. ಆರು ಗಂಟೆ ಹೊತ್ತು. ಲೋಕಕ್ಕೆಲ್ಲ ಒಳ್ಳೆ ಗಾಳಿ ಕೊಡಿಸಲು ಹೊರಟ ನಲವತ್ತು ಮಂದಿ ಗಿಡದ ಬುಡಕ್ಕೆ ಮಣ್ಣು ಹಾಕಿ, ಕೈ ತೊಳೆದು, ಹೊಟ್ಟೆ ತುಂಬ ಉಂಡಿದ್ದರು. ಇಟ್ಟಿಗೆ ಲಾರಿಯವನ ಕಣ್ಣಿಗೆ ಬೀಳುವವರೆಗೂ ಅವಳ ತಮ್ಮ ರಸ್ತೆ ಬದಿಯಲ್ಲಿ ಒಬ್ಬನೇ ಬಿದ್ದಿದ್ದ. ಅವನಿಗಾಗಿ ಅಲ್ಲ, ಒಂದು ಚಕ್ರಕ್ಕಾಗಿ ಅವನನ್ನು ಹುಡುಕಿದ್ದರು. ಅವಳಿಗೆ ತಮ್ಮನ ಮೇಲೂ ಸಿಟ್ಟು ಬಂತು. ಇಂಥವರ ಬೆನ್ನು ನೋಡಿಕೊಂಡು ಹದಿನಾಲ್ಕು ವರ್ಷ ತುಳಿದನಲ್ಲ ಎಂದು ಗೋಡೆಗೆ ಒರಗಿ ಅತ್ತಳು.

"ಹೊರಗೆ ಹೋಗಿ ಇದನ್ನ ಎಲ್ಲರ ಎದುರಿಗೂ ಹೇಳು," ಎಂದಳು ಮುಖ ಒರೆಸಿಕೊಂಡು.

"ನಾನು ಹೇಗೆ ಹೇಳ್ಲಿ ಅಕ್ಕಾ? ಅಧ್ಯಕ್ಷರು ಭಾಷಣದಲ್ಲಿ ಹೇಳಾಯ್ತಲ್ಲ."

*

ಮೊನ್ನೆ ಬೆಳಿಗ್ಗೆ ಹೊರಡುವಾಗ ತಮ್ಮ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಬಗ್ಗಿದರೆ ಏದುಸಿರು ಬರುತ್ತಿತ್ತು.

"ಈ ಸಲ ಏನಂತೆ?" ಎಂದು ಕೇಳಿದ್ದಳು.

"ಗಾಳಿ."

"ಗಾಳೀನಾ? ನೀನು ದಿನಾ ತುಂಬೋದೂ ಅದೇ ಅಲ್ವೇನೋ? ಮನೇಲೇ ಇರು. ಮುಖ ನೋಡು, ಸುಣ್ಣ ಬಳಿದ ಹಾಗಿದೆ."

"ನಾನು ಹೋಗದಿದ್ರೆ ಹಿಂದೆ ಬಿದ್ದೋರನ್ನ ಯಾರು ನೋಡ್ಕೋತಾರೆ ಅಕ್ಕಾ?"

ಅವಳ ಬಾಯಿಗೆ ಒಂದು ಉತ್ತರ ಬಂದಿತ್ತು. ಹೋಗುವವನಿಗೆ ಕೆಟ್ಟ ಮಾತು ಯಾಕೆ ಎಂದು ನಾಲಗೆ ಕಚ್ಚಿಕೊಂಡಳು. ತಿರುವಿನಲ್ಲಿ ಅವನು ಎಂದಿನಂತೆ ಎರಡು ಸಲ ಬೆಲ್ ಹೊಡೆದು ಹೋದ.

*

ಹೆಣ ಗಾಡಿ ಏರಿತು. ಅಧ್ಯಕ್ಷರು ಗಾಡಿಯ ಬಾಗಿಲಿಗೆ ಬಂದು ಬಗ್ಗಿದರು.

"ಒಂದು ಚಿಕ್ಕ ಬದಲಾವಣೆ ಅಮ್ಮಾ. ನೇರವಾಗಿ ಹೋಗೋದು ಬೇಡ. ದೊಡ್ಡ ವೃತ್ತದ ಕಡೆಯಿಂದ ಒಂದು ಸುತ್ತು ಹಾಕ್ಕೊಂಡು ಹೋಗೋಣ. ಟೀವಿಯೋರು ಬಂದಿದಾರೆ. ನಾವು ಮುಂದೆ, ಗಾಡಿ ಹಿಂದೆ."

"ಹನ್ನೊಂದೂವರೆ ತಪ್ಪಿದ್ರೆ ಸಂಜೆವರೆಗೂ ಕಾಯ್ಬೇಕಾಗತ್ತೆ ಸಾರ್," ಎಂದ ಚಾಲಕ.

"ಅರ್ಧ ಗಂಟೆ ಅಷ್ಟೇನಪ್ಪಾ. ಅವರ ತ್ಯಾಗ ಜನಕ್ಕೆ ಗೊತ್ತಾಗ್ಬೇಡ್ವಾ?"

ಅಕ್ಕ ಅವರ ಮುಖವನ್ನೇ ನೋಡಿದಳು. ನಾಚಿಕೆ ಎಂಬುದು ಎಲ್ಲಾದರೂ ಇಣುಕೀತೇ ಎಂದು ಹುಡುಕಿದಳು. ಚೆನ್ನಾಗಿ ಕ್ಷೌರ ಮಾಡಿದ ಗಲ್ಲ ಮಾತ್ರ ಕಂಡಿತು. ಜಗಳವಾಡಲು ಬಾಯಿ ತೆರೆದವಳು, ಇಂಥವರ ಮೇಲೆ ಮಾತು ಖರ್ಚು ಮಾಡುವುದೂ ದಂಡ ಎನಿಸಿ ಮುಚ್ಚಿಕೊಂಡಳು.

"ಆಯ್ತು ಸಾರ್. ನೀವು ಮುಂದೆ ಹೋಗಿ. ಅವನಂತೂ ಯಾವಾಗ್ಲೂ ಹಿಂದೇನೇ ಅಲ್ವಾ?"

ಅಧ್ಯಕ್ಷರಿಗೆ ಅದು ಹೊಗಳಿಕೆಯಂತೆ ಕೇಳಿರಬೇಕು. ಕೈ ಮುಗಿದು ಹೋದರು. ಸೀಟಿ ಊದಿದರು. ಬ್ಯಾನರು ಎದ್ದಿತು, ಬೆಲ್ಲುಗಳು ಒಟ್ಟಿಗೆ ಹೊಡೆದುಕೊಂಡವು, ಹಳದಿ ಸಾಲು ಹೊರಟಿತು. ಸಾಲಿನ ತುದಿಯಲ್ಲಿ, ಗಾಡಿಯ ಮೂಗಿಗೆ ಹತ್ತಿರವಾಗಿ, ಔಷಧಿ ಅಂಗಡಿಯವನಿದ್ದ. ಇವತ್ತು ಕೊನೆಯವನ ಕೆಲಸವನ್ನು ಅವನಿಗೆ ಹಚ್ಚಿದ್ದರು.

ಎರಡು ಬೀದಿ ದಾಟುವವರೆಗೂ ಅಕ್ಕ ಆ ಬೆನ್ನುಗಳನ್ನೇ ನೋಡುತ್ತ ಕೂತಳು. ನಲವತ್ತು ಮಂದಿಯಲ್ಲಿ ಒಬ್ಬರಾದರೂ ಒಮ್ಮೆ ತಿರುಗಿ ನೋಡಲಿ, ಆಗ ಇವರು ಹೇಳಿದ ವೃತ್ತಕ್ಕೆಲ್ಲ ಸುತ್ತು ಹಾಕೋಣ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಕಾರ್ಯದರ್ಶಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದು ತನ್ನ ಮುಖವನ್ನೇ ಚಿತ್ರ ತೆಗೆದುಕೊಳ್ಳುತ್ತಿದ್ದಳು. ಘೋಷಣೆ ಜೋರಾಯಿತು. ಯಾರೂ ತಿರುಗಲಿಲ್ಲ.

ಕೂಡುರಸ್ತೆ ಬಂತು. ಚಿತಾಗಾರಕ್ಕೆ ಎಡಕ್ಕೆ, ವೃತ್ತಕ್ಕೆ ನೇರಕ್ಕೆ.

"ಎಡಕ್ಕೆ ತಿರುಗಿಸಪ್ಪಾ."

"ಅವರಿಗೆ ಹಾರ್ನ್ ಮಾಡ್ಲಾ ಅಮ್ಮಾ?"

"ಬೇಡ."

ಗಾಡಿ ಸದ್ದಿಲ್ಲದೆ ಎಡಕ್ಕೆ ಹೊರಳಿತು. ಅಷ್ಟರಲ್ಲಿ, ಬೆನ್ನ ಹಿಂದಿನ ಇಂಜಿನ್ನಿನ ಸದ್ದು ದೂರವಾದದ್ದಕ್ಕೋ ಏನೋ, ಔಷಧಿ ಅಂಗಡಿಯವನು ತಿರುಗಿ ನೋಡಿದ. ಬ್ರೇಕ್ ಹಾಕಿ ಒಂದು ಕಾಲು ನೆಲಕ್ಕೆ ಊರಿದ. ಅಕ್ಕ ಕಿಟಕಿಯ ಗಾಜು ಇಳಿಸಿ, ತೋಳು ಪೂರ್ತಿ ಹೊರಗೆ ಚಾಚಿ, ಬಾ ಎಂದು ಕರೆದಳು. ಅವನು ಅವಳ ಕೈಯನ್ನು ನೋಡಿದ. ಆ ಕಡೆ ದೂರವಾಗುತ್ತಿದ್ದ ಹಳದಿ ಸಾಲನ್ನು ನೋಡಿದ. ಮತ್ತೊಮ್ಮೆ ಕೈಯನ್ನು ನೋಡಿದ. ಮುಂದಿನಿಂದ ಸೀಟಿ ಕೇಳಿಸಿತು. ಅವನು ತಲೆ ತಗ್ಗಿಸಿ, ಸೀಟಿನಿಂದೆದ್ದು, ಸಾಲನ್ನು ಸೇರಿಕೊಳ್ಳಲು ನಿಂತೇ ತುಳಿಯತೊಡಗಿದ.