ಒಣಗದ ಕೆರೆ

ನನ್ನ ಕೆರೆ ಒಣಗುತ್ತಿರಲಿಲ್ಲ. ಯಾರೋ ಒಣಗಲು ಬಿಡುತ್ತಿರಲಿಲ್ಲ!

ಕಲಾ ಗ್ಯಾಲರಿಯ ಹಾಲ್‌ನಲ್ಲಿ ನೆಲದ ತುಂಬ ಹಸಿ ಜೇಡಿಮಣ್ಣು ಹರಡಿ ‘ಕೊನೆಯ ಕೆರೆ’ ಎಂದು ಹೆಸರಿಟ್ಟಿದ್ದೆ. ಬಿಸಿಯೇರುತ್ತಿರುವ ಭೂಮಿಯ ಮೇಲೆ ಒಂದು ಕೆರೆ ಹೇಗೆ ಸಾಯುತ್ತದೆಂದು ಜನ ಕಣ್ಣಾರೆ ನೋಡಬೇಕು, ಮಣ್ಣು ದಿನೇ ದಿನೇ ಬಿರಿಯಬೇಕು. ಕಲಾಕೃತಿ ಅಂದರೆ ಅಷ್ಟೇ. ಮರುದಿನ ಆಯ್ಕೆ ಸಮಿತಿಯವರು ಬರುವವರಿದ್ದರು. ಮೆಚ್ಚಿದರೆ ದೊಡ್ಡ ಮ್ಯೂಸಿಯಂನಲ್ಲಿ ಜಾಗ, ಇಲ್ಲದಿದ್ದರೆ ಮತ್ತೆ ಹೂಕುಂಡ ಮಾಡುತ್ತಾ ಕೂರಬೇಕು. ಇಲ್ಲಿ ನೋಡಿದರೆ, ಹಗಲು ಕಂಡ ಅಂಚಿನ ಬಿರುಕೆಲ್ಲ ಬೆಳಗ್ಗೆ ಮಾಯ.

ಬಗ್ಗಿ ನೋಡಿದೆ. ಮುಚ್ಚಿದ ಬಿರುಕಿನ ಮೇಲೆ ಹೆಬ್ಬೆರಳು ಎಳೆದ ಗುರುತು. ನೀರು ಮುಟ್ಟಿಸಿ, ಅಂಚು ಕೂಡಿಸಿ, ನಯ ಮಾಡಿತ್ತು ಆ ಕೈ. ಮಣ್ಣಿನ ಕೆಲಸ ಬಲ್ಲವರದೇ, ಸಂಶಯವೇ ಇಲ್ಲ. ಬೀಗದ ಕೈ ಇದ್ದದ್ದು ನನ್ನ ಹತ್ತಿರ, ಬಿಟ್ಟರೆ ನನ್ನ ತಮ್ಮನ ಹತ್ತಿರ. ಅವನೂ ಶಿಲ್ಪಿ. ಇದೇ ಹಾಲ್ ಕೇಳಿದ್ದ, ಸಿಕ್ಕಿರಲಿಲ್ಲ. ನನಗೆ ಇನ್ನೇನು ಸಾಕ್ಷಿ ಬೇಕು?

ಗ್ಯಾಲರಿಯ ಮೆಟ್ಟಿಲ ಮೇಲೆ ಸಿಕ್ಕವನನ್ನು ತಡೆದು ನಿಲ್ಲಿಸಿದೆ.

“ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನೋ?”

“ಕಿಚ್ಚಾ? ಹೇಗೂ ನಿನ್ನ ಕೆರೇಲಿ ನೀರಿದ್ಯಲ್ಲಕ್ಕ, ಆರಿಸ್ಕೊಳ್ತೀನಿ ಬಿಡು.”

ಕಳ್ಳನಿಗೆ ನಗು ಬೇರೆ! “ಬಿರುಕು ಮುಚ್ತಿರೋನು ನೀನೇ. ನನ್ನ ಕೆಲಸ ಹಾಳು ಮಾಡ್ಬೇಕು ಅಂತಾನೇ ಕಾಯ್ತಿದ್ದೆ” ಎಂದುಬಿಟ್ಟೆ. ಅವನ ನಗು ನಿಂತಿತು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೊರಟುಹೋದ. ತೊಲಗಲಿ ಪೀಡೆ ಎಂದುಕೊಂಡೆ.

ಸಂಜೆ ಬಾಗಿಲು ಹಾಕುವ ಹೊತ್ತು. ದಿನಾ ನನ್ನ ಜೊತೆ ಬಂದು ಮೂಲೆಯ ಕುರ್ಚಿಯಲ್ಲಿ ಕೂರುವ ಅಪ್ಪನನ್ನು ಎಂದಿನಂತೆ ಅಲ್ಲೇ ಬಿಟ್ಟು, ಮಹಡಿಯ ದೀಪ ಆರಿಸಲು ಹೊರಟೆ. ಬ್ಯಾಗು ಮರೆತದ್ದು ನೆನಪಾಗಿ ಅರ್ಧಕ್ಕೇ ವಾಪಸ್ ಬಂದರೆ, ಅಪ್ಪ ಮಣ್ಣಿನ ಅಂಚಿನಲ್ಲಿ ಮೊಣಕಾಲೂರಿದ್ದಾರೆ! ಪಕ್ಕದಲ್ಲಿ ಕುಡಿಯುವ ನೀರಿನ ಬಾಟಲಿ, ಕೈಯಲ್ಲಿ ಒದ್ದೆ ಕರವಸ್ತ್ರ. ಬಿರುಕಿಗೆ ನೀರು ಹಿಂಡಿ ಹೆಬ್ಬೆರಳಿನಿಂದ ತೀಡುತ್ತಿದ್ದರು. ಕೈ ನಡುಗುತ್ತದೆಂದು ಕೆಲಸ ಬಿಟ್ಟು ಎಷ್ಟೋ ಕಾಲವಾದ ಅವರ ಮೇಲೆ ನನಗೆ ಅನುಮಾನ ಸುಳಿದಿರಲೇ ಇಲ್ಲ. ನಮ್ಮಿಬ್ಬರಿಗೂ ಮಣ್ಣು ಕಲಿಸಿದವರು ಅವರೇ. ಚಿಕ್ಕಂದಿನಲ್ಲಿ ನಾವು ಅರ್ಧ ಮಾಡಿಟ್ಟು ಆಡಲು ಓಡಿದ ಬೊಂಬೆಗಳು ಬಿರಿಯದಂತೆ ನೆನೆಸಿದ ಗೋಣಿಚೀಲ ಹೊದಿಸುತ್ತಿದ್ದವರೂ ಅವರೇ.

“ಅಪ್ಪಾ! ಏನ್ ಮಾಡ್ತಿದ್ದೀರಾ?”

“ಬಿರುಕು ಬಿಡ್ತಿದೆ ಕಣಮ್ಮ. ನೀನೋ, ಬರೋರು ಹೋಗೋರ ಹತ್ರ ಮಾತಾಡೋದ್ರಲ್ಲೇ ಇರ್ತೀಯ.”

“ಬಿಡ್ಲಿ ಅಂತಾನೇ ಮಾಡಿರೋದು!”

ಅಪ್ಪ ನನ್ನನ್ನು ಅನುಮಾನದಿಂದ ನೋಡಿದರು. “ಒಣಗ್ತಿರೋದನ್ನ ನೋಡ್ತಾ ಕೂತ್ಕೊಳ್ಳೋಕೆ ನಿಂಗೆ ಹೇಗಮ್ಮ ಮನಸ್ಸು ಬರುತ್ತೆ?”

ತಮ್ಮನ ಮುಖ ನೆನಪಾಗಿ ನಾಚಿಕೆಯಾಯಿತು. ಫೋನ್ ಮಾಡಿದೆ.

“ಈಗ ಯಾರ ಮೇಲೆ ಅನುಮಾನ?” ಎಂದ.

“ಕಳ್ಳ ಸಿಕ್ಕಿದ ಕಣೋ. ಅಪ್ಪಾನೇ. ನಂದು ತಪ್ಪಾಯ್ತು. ಬಾರೋ.”

ಅವನು ಕೇಳಿದ, “ಹೀಟರ್ ತರ್ಲಾ? ನಾಳೆ ಅವ್ರು ಬರೋಷ್ಟ್ರಲ್ಲಿ ಒಣಗಿಸ್ಬಹುದು.”

ಅಪ್ಪ ಆಗಲೇ ಮುಂದಿನ ಬಿರುಕಿಗೆ ಬಾಗಿದ್ದರು.

“ಬೇಡ” ಎಂದೆ. “ಗೋಣಿಚೀಲ ತಗೊಂಡು ಬಾ. ನೆನೆಸ್ಕೊಂಡು.”