ಶೇಕ್ಷಾವಲಿ ಸಾಬರ ಎರಡು ದುರ್ಬೀನುಗಳು

ಶೇಕ್ಷಾವಲಿ ಸಾಬರಿಗೆ ಬೆರಳಿನಷ್ಟು ಹತ್ತಿರವಿರುವುದು ಕಾಣುತ್ತಿತ್ತು, ಮೈಲಿಯಷ್ಟು ಎತ್ತರದಲ್ಲಿರುವುದೂ ಕಾಣುತ್ತಿತ್ತು. ನಡುವೆ ಇರುವ ಪ್ರಪಂಚ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ವಾರಕ್ಕೆ ಆರು ದಿನ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರಗಳ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ನೋಡುತ್ತಿದ್ದ ಅವರ ಬಲಗಣ್ಣು, ಅಂಗಡಿಗೆ ರಜೆಯಿದ್ದ ಶುಕ್ರವಾರ ದುರ್ಬೀನಿನ ಹಿಂದೆ ಕೂತು ನಡುಮುಗಿಲಿನ ಪಾರಿವಾಳವನ್ನು ಹುಡುಕುತ್ತಿತ್ತು. ಹೀಗಾಗಿ ಬಳ್ಳಾರಿಯ ಕಂಟೋನ್ಮೆಂಟಿನ ರಸ್ತೆಯಲ್ಲಿ ಗದ್ದವೆತ್ತಿ, ಹೆಜ್ಜೆಯನ್ನು ಮಾತ್ರ ತಡಕಿದಂತೆ ಮೆಲ್ಲಗಿಡುತ್ತ ಬರುವ ಆ ನೀಳ ಮನುಷ್ಯ, ಎದುರಿಗೆ ನಿಂತು ಸಲಾಮು ಹೇಳಿದ ಸ್ವಂತ ಬೀಗರನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಬೀಗರು ಮುನಿಸಿಕೊಂಡು ಎರಡು ವರ್ಷ ಮನೆಗೆ ಬರಲಿಲ್ಲ. ಅವರು ಬರುತ್ತಿಲ್ಲವೆಂಬುದೂ ಇವರಿಗೆ ತಿಳಿದಿರಲಿಲ್ಲವೆಂದು ಹೆಂಡತಿ ಮಾಸುಮಾಬಿ ಹೇಳುತ್ತಿದ್ದರು.

ಬೇಸಿಗೆಯೆನ್ನದೆ ಚಳಿಯೆನ್ನದೆ ಅವರು ತೊಡುತ್ತಿದ್ದ ಕರಿ ಕೋಟಿನ ಎಡಹೆಗಲು ಸವೆದು ಹೊಳೆಯುತ್ತಿತ್ತು. ದುರ್ಬೀನಿನ ತೊಗಲಪಟ್ಟಿ ಉಜ್ಜಿ ಉಜ್ಜಿ ಆದ ಗುರುತು ಅದು. ಮಾತು ಬಹಳ ಕಡಿಮೆ. ಆಡಿದ ಮಾತಿನಲ್ಲಿ ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚಿರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದರೆ, “ಮುಂಜಾನಿ ನಾ ಹೊಂಡೋವಾಗ ಆರಾಮಿದ್ರು” ಎನ್ನುತ್ತಿದ್ದರು. ಊರಲ್ಲಿ ಮಳೆಯಾಯಿತೇ ಎಂದರೆ, “ನಮ್ಮ ಅಂಗಡಿ ಮುಂದ ಆತ್ರಿ.” ಕೇಳಿದವರು ನಗುತ್ತಿದ್ದರು. ಪಾರಿವಾಳ ಹಾರಿಸುವವರು ಮಾತ್ರ ನಗುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಆ ಗುಣವೇ.

ಆ ಕಡೆಯ ಪಾರಿವಾಳದ ಬಾಜಿಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಮೇ ತಿಂಗಳಲ್ಲಿ, ಬೆಳಗಿನ ಆರು ಗಂಟೆಗೆ, ಒಂದು ಊರಿನ ಮಾಳಿಗೆಯಿಂದ ಒಂದು ಹಕ್ಕಿಯನ್ನೂ ಇನ್ನೊಂದು ಊರಿನ ಮಾಳಿಗೆಯಿಂದ ಇನ್ನೊಂದನ್ನೂ ಬಿಡುತ್ತಾರೆ. ಬೀದಿದೀಪ ಹತ್ತುವುದರೊಳಗೆ ಸ್ವಂತ ಮಾಳಿಗೆಗೆ ಇಳಿಯಬೇಕು. ಹೆಚ್ಚು ಹೊತ್ತು ಹಾರಿದ್ದು ಗೆದ್ದಂತೆ. ಒಳ್ಳೆಯ ಹಕ್ಕಿ ಬರಿಗಣ್ಣಿಗೆ ಕಾಣದಷ್ಟು ಮೇಲೇರುತ್ತದೆ. ಹಾಗೆ ಕಾಣದ ಹಕ್ಕಿ ಮುಗಿಲಿನಲ್ಲಿದೆಯೋ, ಯಾವುದೋ ಮಿಲ್ಲಿನ ತಗಡಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದೆಯೋ ಎಂದು ತೀರ್ಮಾನಿಸಲು ಪ್ರತಿ ಮಾಳಿಗೆಯ ಮೇಲೂ ಪರವೂರಿನ ಒಬ್ಬ ಅಂಪೈರು ದುರ್ಬೀನು ಹಿಡಿದು ದಿನವಿಡೀ ಕೂರುತ್ತಾನೆ. ಹಕ್ಕಿ ಕಂಡಾಗಲೆಲ್ಲ ಹೊತ್ತು ಬರೆಯುತ್ತಾನೆ. ಪೂರಾ ಒಂದು ತಾಸು ಕಾಣದಿದ್ದರೆ “ಗಾಯಬ್” ಎಂದು ಬರೆದು ಪುಸ್ತಕ ಮುಚ್ಚುತ್ತಾನೆ. ಹಕ್ಕಿ ಬಾಜಿಯಿಂದ ಹೊರಗೆ. ಒಡೆಯನಿಗೆ ತನ್ನ ಹಕ್ಕಿ ಯಾವಾಗಲೂ ಕಾಣುತ್ತಿರುತ್ತದೆ, ಎದುರಾಳಿಗೆ ಎಂದೂ ಕಾಣುವುದಿಲ್ಲ. ಇಪ್ಪತ್ತೈದು ವರ್ಷ ಸಿರುಗುಪ್ಪದವರೂ ಕುರುಗೋಡಿನವರೂ ಶೇಕ್ಷಾವಲಿ ಸಾಬರ ಪೆನ್ಸಿಲ್ಲಿನ ಬರಹವನ್ನು ಒಂದೇ ಒಂದು ಸಲವೂ ಅಲ್ಲಗಳೆದಿರಲಿಲ್ಲ.

ಅವರ ದೊಡ್ಡ ದುರ್ಬೀನು ಅವರದಲ್ಲ. ನಲವತ್ತೇಳರಲ್ಲಿ ಊರು ಬಿಟ್ಟ ಒಬ್ಬ ದಂಡಿನ ಅಧಿಕಾರಿ ಅವರ ತಂದೆಯ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟು, ಮರಳಿ ಒಯ್ಯದೆ ಹೋದದ್ದು. ರಿಪೇರಿಯ ಚೀಟಿ ಅದರ ಕುತ್ತಿಗೆಗೆ ಹಾಗೇ ಕಟ್ಟಿತ್ತು. ಏಳು ಪಟ್ಟು ಹಿಗ್ಗಿಸುವ, ಸೇರುಗಟ್ಟಲೆ ಭಾರದ ಹಿತ್ತಾಳೆಯ ಒಡಲು. ಅದನ್ನು ಬಿದಿರುಕೋಲಿನ ಕವೆಗೆ ಒರಗಿಸಿ ಹಿಡಿಯಬೇಕು. ಐವತ್ತೆಂಟನೆಯ ವಯಸ್ಸಿಗೆ ಅವರ ಕುತ್ತಿಗೆ ಆ ಭಾರಕ್ಕೆ ಸೋತಿತ್ತು.

ಚಿಕ್ಕದು ನನ್ನದು. ಇಲ್ಲಿನ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಬರುವ ಮುಂಚೆ, ಜರ್ಮನಿಯಲ್ಲಿ ಓದುವಾಗ ಕೊಂಡಿದ್ದೆ. ಎಂಟು ಪಟ್ಟು ಹಿಗ್ಗಿಸುತ್ತಿತ್ತು, ಮಡಚಿದರೆ ನಶ್ಯದ ಡಬ್ಬಿಗಿಂತ ತುಸು ದೊಡ್ಡದು. ಬಳ್ಳಾರಿಯ ಧೂಳಿಗೆ ಅದರ ಮಡಿಕೆ ಬಿಗಿದುಕೊಂಡಾಗ, ಎಪ್ಪತ್ತಾರರ ಮಾರ್ಚಿನಲ್ಲಿ, ಅವರಿಗೆ ಕೊಟ್ಟೆ. ಎರಡು ದಿನದಲ್ಲಿ ಸರಿಮಾಡಿದರು. ಕೂಲಿ ಬೇಡ, ಒಂದೆರಡು ತಿಂಗಳು ಇಟ್ಟುಕೊಳ್ಳುತ್ತೇನೆ ಎಂದರು. ನನಗೆ ಅದರಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ, ಇಟ್ಟುಕೊಳ್ಳಿ ಎಂದೆ.

ಆಮೇಲೆ ಅವರು ನಡೆಸಿದ ಪರೀಕ್ಷೆ ನನ್ನ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನು ಕಂಡ ಎಷ್ಟೋ ಪರೀಕ್ಷೆಗಳಿಗಿಂತ ಶಿಸ್ತಿನದಾಗಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಡಿಯಾರದ ಅಂಗಡಿಗೆ ನರಪಿಳ್ಳೆ ಬರುವುದಿಲ್ಲ. ಆ ಮೂರು ತಾಸು ಅವರು ಮಾಳಿಗೆಯೇರಿ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ಒಂದೇ ವಸ್ತುವನ್ನು ಎರಡರಲ್ಲೂ ನೋಡುತ್ತಿದ್ದರು. ಗುಡ್ಡದ ಮೇಲಿನ ಕೋಟೆಗೋಡೆಯ ಹಲ್ಲಿನಂಥ ತೆನೆಗಳನ್ನು ಎಣಿಸಿದರು. ಸ್ಟೇಷನ್ನಿನಲ್ಲಿ ನಿಂತ ಗೂಡ್ಸಿನ ಡಬ್ಬಿಗಳ ನಂಬರು ಓದಿದರು. ಹದ್ದಿನ ರೆಕ್ಕೆಯಲ್ಲಿ ಉದುರಿದ ಗರಿಯ ಸಂದನ್ನು ಹುಡುಕಿದರು. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ದೊಡ್ಡದರ ಗುಣ, ಇನ್ನೊಂದು ಕಡೆ ಚಿಕ್ಕದರದ್ದು. ದೊಡ್ಡದು ತನ್ನ ಭಾರದಿಂದಲೇ ಅಲುಗದೆ ನಿಲ್ಲುತ್ತದೆ. ಚಿಕ್ಕದು ನಾಡಿಬಡಿತಕ್ಕೂ ಅದುರುತ್ತದೆ, ಆದರೆ ಹೆಬ್ಬೆರಳನ್ನು ಕೆನ್ನೆಯ ಎಲುಬಿಗೆ ಒತ್ತಿ ಉಸಿರು ಹಿಡಿದರೆ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣಿಟ್ಟ ಕೂಡಲೇ ಮುಗಿಲು ಸಿಗುತ್ತದೆ. ಚಿಕ್ಕದರಲ್ಲಿ ಕಣ್ಣು ಕೂದಲಷ್ಟು ಸರಿದರೂ ಕತ್ತಲು. ದೊಡ್ಡದರ ಅಂಚಿನಲ್ಲಿ ಗೆರೆಗಳು ಬಾಗುತ್ತವೆ. ಚಿಕ್ಕದರಲ್ಲಿ ಅಂಚಿನವರೆಗೂ ನೆಟ್ಟಗೆ. ಒಟ್ಟಿನಲ್ಲಿ, ಗದ್ದ ಎತ್ತಿ ಹನ್ನೆರಡು ತಾಸು ಕೂರಬೇಕಾದವನಿಗೆ ಚಿಕ್ಕದೇ ಮೇಲು ಎಂದು ಏಪ್ರಿಲ್ ಕೊನೆಗೆ ಬರೆದರು.

ಮಾಸುಮಾಬಿಗೆ ಈ ಸಂಸಾರ ಹಿಡಿಸಿರಲಿಲ್ಲ. ನನ್ನೆದುರಿಗೇ ಒಮ್ಮೆ ಗಂಡನಿಗೆ ಹೇಳಿದರು: “ಮೂವತ್ತು ವರ್ಷದಾಗ ನನ್ನ ಮಾರಿ ಇಷ್ಟು ಹೊತ್ತು ನೋಡೀರೇನು? ನೋಡಿದ್ರ ಅದರೊಳಗೂ ಒಂದು ಗೆರಿ ಬಾಗಿದ್ದು ಬರಕೋತಿದ್ರಿ, ಬಿಡ್ರಿ.” ಅವರು ಈ ಮಾತನ್ನು ಗಂಭೀರವಾಗಿ ಯೋಚಿಸಿದಂತೆ ಕಂಡಿತು.

ಮೇ ತಿಂಗಳ ಎರಡನೆಯ ಶುಕ್ರವಾರ ಬಾಜಿ. ಸಿರುಗುಪ್ಪದ ಅಕ್ಕಿಮಿಲ್ಲಿನ ಮರಿಬಸಪ್ಪನ ಹಕ್ಕಿಗೂ ಕುರುಗೋಡಿನ ಎರ್ರೆಪ್ಪನ ಹಕ್ಕಿಗೂ. ಶೇಕ್ಷಾವಲಿ ಸಾಬರು ಸಿರುಗುಪ್ಪದ ಮಾಳಿಗೆಗೆ. ಹೆಗಲ ಮೇಲೆ ಪಟ್ಟಿಯಿಲ್ಲದೆ, ಕೋಟಿನ ಜೇಬಿನಲ್ಲಿ ಚಿಕ್ಕದನ್ನಿಟ್ಟುಕೊಂಡು ಬಸ್ಸು ಇಳಿದರು. ಸಂಜೆ ಐದರವರೆಗೆ ಎಲ್ಲವೂ ಸರಾಗ. ಅರ್ಧ ತಾಸಿಗೊಮ್ಮೆ ಹಕ್ಕಿ ಕಂಡಿತು, ಅರ್ಧ ತಾಸಿಗೊಮ್ಮೆ ಬರೆದರು. ಆರಕ್ಕೆ ಕೊನೆಯ ಸಲ ಕಂಡಿತು. ಅಷ್ಟರಲ್ಲಿ ಪಶ್ಚಿಮದಿಂದ ಮುಂಗಾರಿಗೆ ಮುಂಚಿನ ಮೋಡ ಕವಿದು, ಗದ್ದೆಬಯಲಿನ ಮೇಲೆ ಬೂದಿ ಬಣ್ಣದ ಬೆಳಕು ಇಳಿಯಿತು. ಆರೂಮುಕ್ಕಾಲರ ಹೊತ್ತಿಗೆ ಮರಿಬಸಪ್ಪ ಬೆರಳು ಚಾಚಿ ಕುಣಿಯತೊಡಗಿದ್ದ.

“ಅಲ್ಲೈತಿ ನೋಡ್ರಿ ಸಾಬ್ರ, ತೆಂಗಿನಗಿಡದ ಬಲಕ್ಕ, ಚುಕ್ಕಿ ಇದ್ದಂಗ.”

“ನನಗ ಕಾಣವಲ್ದು, ಸಾವ್ಕಾರ್ರ.”

“ನಿಮಗ ಕಾಣದಿದ್ರ ಇಲ್ಲಂತೇನು?”

“ಬಾಜಿಯೊಳಗ ಹೌದ್ರಿ.”

ಏಳಕ್ಕೆ ಸರಿಯಾಗಿ ಗಾಯಬ್ ಎಂದು ಬರೆದು ಪುಸ್ತಕ ಮುಚ್ಚಿದರು. ಹತ್ತು ನಿಮಿಷಕ್ಕೆ, ಬೀದಿದೀಪ ಹತ್ತುವ ಮುನ್ನವೇ, ಹಕ್ಕಿ ಮಾಳಿಗೆಗೆ ಬಂದು ಬಿತ್ತು. ಇಳಿದದ್ದರಿಂದ ಏನೂ ಸಾಬೀತಾಗುವುದಿಲ್ಲ, ಮಿಲ್ಲಿನ ತಗಡಿನಿಂದಲೂ ಇಳಿಯಬಹುದು. ಆದರೆ ಅದರ ರೆಕ್ಕೆಗಳು ಜೋತಿದ್ದವು, ಕೊಕ್ಕು ತೆರೆದಿತ್ತು. ಕೂತು ದಣಿವಾರಿಸಿಕೊಂಡ ಹಕ್ಕಿ ಹಾಗಿರುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರಿಬಸಪ್ಪ ಬೈಯಲಿಲ್ಲ, ಚಹಾ ಕೊಟ್ಟು ಬಸ್ಸು ಹತ್ತಿಸಿದ. ಬೈದಿದ್ದರೆ ಸಾಬರಿಗೆ ಆ ರಾತ್ರಿ ನಿದ್ರೆ ಬರುತ್ತಿತ್ತೇನೋ.

ಮರುದಿನ ಸಂಜೆ, ಕೆಲಸ ಬಿಟ್ಟವರು ಗಡಿಯಾರ ಒಯ್ಯಲು ಬರುವ ಹೊತ್ತಿನಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ ಗಿರಾಕಿಗಳ ಎದುರಿಗೇ ಅಂಗಡಿಯ ಬಾಗಿಲು ಹಾಕಿ ಎರಡೂ ದುರ್ಬೀನುಗಳೊಂದಿಗೆ ಮಾಳಿಗೆ ಹತ್ತಿದರು. ಬೆಳಕು ಇಳಿದಂತೆ ಕೋಟೆಯ ತೆನೆಗಳು ಚಿಕ್ಕದರಲ್ಲಿ ಒಂದೊಂದಾಗಿ ಗುಡ್ಡದೊಳಗೆ ಕರಗಿದವು. ದೊಡ್ಡದರಲ್ಲಿ ಇನ್ನೂ ಇಪ್ಪತ್ತು ನಿಮಿಷ ಅವುಗಳನ್ನು ಎಣಿಸಬಹುದಿತ್ತು. ಎರಡನ್ನೂ ಕೈಯಳತೆಯಲ್ಲಿ ದೂರ ಹಿಡಿದು ನೋಡಿದಾಗ, ಕಣ್ಣಿಡುವ ಗಾಜಿನ ನಡುವೆ ದೊಡ್ಡದರಲ್ಲಿ ತೊಗರಿಕಾಳಿನಷ್ಟು ಬೆಳಕು, ಚಿಕ್ಕದರಲ್ಲಿ ಸಜ್ಜೆಕಾಳಿನಷ್ಟು. ಹಾಗೇ ಎದ್ದು ನನ್ನ ಮನೆಗೆ ಬಂದರು. ಮಧ್ಯಾಹ್ನ ಮನುಷ್ಯನ ಕಣ್ಣಿನ ಪಾಪೆಯೇ ಸಜ್ಜೆಕಾಳಿನಷ್ಟು ಕುಗ್ಗಿರುತ್ತದೆ, ಆದ್ದರಿಂದ ಆಗ ಎರಡೂ ಒಂದೇ; ಮುಸ್ಸಂಜೆ ಪಾಪೆ ಅರಳುತ್ತದೆ, ಆಗ ಚಿಕ್ಕದು ಅದಕ್ಕೆ ಕೊಡುವ ಬೆಳಕು ಸಾಲುವುದಿಲ್ಲ ಎಂದು ವಿವರಿಸಿದೆ.

“ಇದು ನಿಮಗ ಮೊದಲಿಗೇ ಗೊತ್ತಿತ್ತೇನ್ರಿ, ಅಮ್ಮಾರ?”

ಗೊತ್ತಿತ್ತು, ನೀವು ಕೇಳಲಿಲ್ಲ ಎಂದೆ.

“ಹೌದ್ರಿ. ನಾ ಕೇಳಲಿಲ್ಲ” ಎಂದರು. ಅದರಲ್ಲಿ ದೂರಿನ ಛಾಯೆಯೂ ಇರಲಿಲ್ಲ. ದೂರಿದ್ದರೂ ಅನ್ಯಾಯವಾಗುತ್ತಿರಲಿಲ್ಲ.

ಭಾನುವಾರ ಕುರುಗೋಡಿನಲ್ಲಿ, ಎರ್ರೆಪ್ಪನ ಹತ್ತಿ ಗೋದಾಮಿನಲ್ಲಿ, ಎರಡೂ ಊರಿನವರು ಕೂಡಿ ಪುಸ್ತಕ ತಾಳೆ ನೋಡುವುದಿತ್ತು. ಎರ್ರೆಪ್ಪನ ಹಕ್ಕಿ ಆರೂವರೆಗೇ ಇಳಿದಿತ್ತು. ಅಂದರೆ ಗೆಲುವು ಸೋಲು ಎರಡೂ ಗಾಯಬ್ ಎಂಬ ಆ ಒಂದು ಶಬ್ದದ ಮೇಲೆ ನಿಂತಿದ್ದವು. ಸುಮ್ಮನೆ ಕೂತಿದ್ದರೆ ಇಪ್ಪತ್ತೈದು ವರ್ಷದ ಹೆಸರು ಇಪ್ಪತ್ತಾರಕ್ಕೆ ದಾಟುತ್ತಿತ್ತು. ಸಾಬರು ಎರಡೂ ದುರ್ಬೀನುಗಳನ್ನು ಹತ್ತಿಯ ಅಂಡಿಗೆಯ ಮೇಲಿಟ್ಟು, ತಾವು ಕಂಡುಕೊಂಡದ್ದನ್ನೆಲ್ಲ ಹೇಳಿದರು. “ಹಕ್ಕಿ ಇಲ್ಲ ಅಂತ ಬರದೀನಿ. ಇದ್ದಿದ್ರೂ ನನಗ ಕಾಣ್ತಿರಲಿಲ್ಲ. ಆ ಬರಹ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಮರಿಬಸಪ್ಪ ಹಿಗ್ಗಿದ. ಹಾಗಾದರೆ ಹಕ್ಕಿ ಇತ್ತು ಅಂತ ಬರೆದುಕೊಡಿ ಎಂದ.

“ಅದನ್ನೂ ನಾ ಕಂಡಿಲ್ರಿ.”

ಗೋದಾಮು ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಎರ್ರೆಪ್ಪ ಸಿಟ್ಟನ್ನು ನುಂಗಿಕೊಂಡು ಕೇಳಿದ: “ಸಾಬ್ರ, ಇದು ತಪ್ಪಿದ್ರ ಹಿಂದಿನವೆಲ್ಲ ಖರೆ ಅಂತ ಹೆಂಗ ನಂಬೂದು?” ಅವರ ಹತ್ತಿರ ಅದಕ್ಕೆ ಉತ್ತರವಿತ್ತು, ಹಿಂದಿನವೆಲ್ಲ ದೊಡ್ಡದರಲ್ಲಿ ನೋಡಿ ಬರೆದವು. ಅವರು ಅದನ್ನು ಹೇಳಿದರು ಕೂಡ. ಕೇಳುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಆ ವರ್ಷ ಗೆಲುವಿನ ಕಪ್ಪಿನ ಮೇಲೆ ಯಾರ ಹೆಸರನ್ನೂ ಕೆತ್ತಲಿಲ್ಲ. ಗೆದ್ದವನಿಗೆ ಗೆಲುವು ಕೆಟ್ಟಿತು, ಸೋತವನಿಗೆ ನ್ಯಾಯ ಸಿಗಲಿಲ್ಲ. ಇಬ್ಬರೂ ಜೀವಮಾನದಲ್ಲಿ ಮೊದಲ ಸಲ ಒಂದಾಗಿ ಬೇರೆ ಅಂಪೈರನ್ನು ಗೊತ್ತುಮಾಡಿಕೊಂಡರು.

ಅವರಿಲ್ಲದೆ ಬಾಜಿ ಕೆಟ್ಟುಹೋಯಿತೆಂದು ಬರೆಯಲು ನನಗೆ ಇಷ್ಟವಿದೆ. ಕೆಡಲಿಲ್ಲ; ಮುಂದಿನ ಮೇ ತಿಂಗಳಲ್ಲಿ ಸುಸೂತ್ರವಾಗಿ ನಡೆಯಿತು. ಶೇಕ್ಷಾವಲಿ ಸಾಬರು ತಮ್ಮ ಮಾಳಿಗೆಯ ಮೇಲೆ, ಯಾರೂ ಕೇಳದಿದ್ದರೂ, ಕಂಟೋನ್ಮೆಂಟಿನ ಯಾರ ಯಾರದೋ ಹಕ್ಕಿಗಳ ಹೊತ್ತು ಬರೆಯುತ್ತ ಉಳಿದರು: ಐದು ಗಂಟೆಯವರೆಗೆ ಚಿಕ್ಕದು, ಐದರ ಮೇಲೆ ದೊಡ್ಡದು. ಎಂಬತ್ತೆರಡನೆಯ ಇಸವಿಯಲ್ಲಿ ತೀರಿಕೊಳ್ಳುವವರೆಗೂ ಈ ನಿಯಮ ತಪ್ಪಲಿಲ್ಲ. ಪಶ್ಚಾತ್ತಾಪ ಪಟ್ಟಂತೆ ನನಗೆ ಎಂದೂ ಕಾಣಲಿಲ್ಲ. ಹೆಮ್ಮೆ ಪಟ್ಟಂತೆಯೂ ಕಾಣಲಿಲ್ಲ.

ತೀರ್ಪು ಹೇಳುವವರಲ್ಲಿ ಹೆಚ್ಚಿನವರು ಕಂಡದ್ದನ್ನು ಹೇಳುತ್ತಾರೆ; ತಮ್ಮ ಕಾಣ್ಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಅಳೆದು ಹೇಳುವವರು ಬಹಳ ಸ್ವಲ್ಪ ಜನ. ಅಂಥವರಿಂದ ಊರಿಗೆ ತೊಂದರೆಯೇ ಹೆಚ್ಚು, ಏಕೆಂದರೆ ಊರಿಗೆ ಬೇಕಾದದ್ದು ಹೌದು ಅಥವಾ ಇಲ್ಲ, ಅದೂ ದೀಪ ಹತ್ತುವುದರೊಳಗೆ. ಎದುರಾಳಿಯ ಮಾಳಿಗೆಗೆ ಅಂಥ ಅಂಪೈರು ಬರಲೆಂದು ಎಲ್ಲರೂ ಬಯಸುತ್ತಾರೆ. ತನ್ನ ಮಾಳಿಗೆಯ ಏಣಿಯನ್ನು ಅಂಥವನಿಗೆ ತಾನೇ ಹಿಡಿದು ನಿಲ್ಲುವವನನ್ನು ನಾನು ಈವರೆಗೆ ಕಂಡಿಲ್ಲ.