ಸುದ್ದಿಹಾಳೆಯಲ್ಲಿ ಬಂದ ಜಡೆ

ಗಿರಗಿಟ್ಲೆ ನೀರಿನ ತೊಟ್ಟಿಯ ಹಿಂದೆ ಬಾಚಣಿಗೆ ಹಿಡಿದು ನಿಂತಿದ್ದಳು. ಬೆಳಗಿನ ಮೊದಲ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಗೇಟಿನ ಕಡೆ ನೋಡುವುದು, ಬಾಚಣಿಗೆಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಮೀಟಿ ಟರ್ರೆನ್ನಿಸುವುದು, ಒಂದು ಸುತ್ತು ತಿರುಗಿ ಮತ್ತೆ ಗೇಟಿನ ಕಡೆ ನೋಡುವುದು. ಒಂದು ಕಡೆ ನಿಂತು ಗೊತ್ತಿಲ್ಲದ ಹುಡುಗಿ. ಆ ಅಡ್ಡಹೆಸರು ಬಂದದ್ದೇ ಅದರಿಂದ.

ಮೂರನೇ ತರಗತಿಯ ಟೀಚರ್ ಸ್ಟಾಫ್ ರೂಮಿನ ಕಿಟಕಿಯಿಂದ ಅವಳನ್ನು ನೋಡುತ್ತಿದ್ದರು. ಅಷ್ಟರಲ್ಲಿ ಚುಕ್ಕಿ ಗೇಟು ದಾಟಿ ಒಳಗೆ ಬಂದಳು. ಗಲ್ಲದ ಮೇಲಿನ ಮಚ್ಚೆ ಇಲ್ಲದಿದ್ದರೆ ಟೀಚರಿಗೆ ಅವಳ ಗುರುತು ಹತ್ತುತ್ತಿರಲಿಲ್ಲ. ಸೊಂಟದವರೆಗೆ ಇಳಿಯುತ್ತಿದ್ದ ಕೂದಲು ಇರಲಿಲ್ಲ. ಕಿವಿ, ಕತ್ತು, ಹಣೆ ಎಲ್ಲವೂ ಬಯಲಾಗಿದ್ದವು. ಯಾರೋ ಸಿಟ್ಟಿನಲ್ಲಿ ಕೊಚ್ಚಿದ ತಲೆಯಲ್ಲ ಅದು; ಕತ್ತಿನ ಹಿಂದಿನ ಗೆರೆ ಸ್ಕೇಲು ಇಟ್ಟು ಎಳೆದ ಹಾಗೆ ನೇರವಾಗಿತ್ತು.

ಗಿರಗಿಟ್ಲೆ ಓಡಿಬಂದಳು.

"ಅಯ್ಯೋ! ಯಾಕೇ ಹೀಗೆ ಮಾಡಿಸ್ಕೊಂಡೆ?"

"ನೀನ್ಯಾಕೆ ಹೇಳ್ದೆ?"

"ಏನು ಹೇಳ್ದೆ?"

"ಎಲ್ಲಾರಿಗೂ. ಪೇಪರ್‌ನಲ್ಲಿ ಬರೋ ಹಾಗೆ."

"ನಾನಾ? ದೇವರಾಣೆಗೂ ನಾ ಹೇಳಿಲ್ಲ ಕಣೇ!"

ಚುಕ್ಕಿ ನಿಲ್ಲಲಿಲ್ಲ. ತರಗತಿಗೆ ಹೋಗಿ, ಎರಡನೇ ಬೆಂಚಿನಲ್ಲಿದ್ದ ತನ್ನ ಜಾಗ ಬಿಟ್ಟು, ಕಡೆಯ ಬೆಂಚಿನ ತುದಿಯಲ್ಲಿ ಚೀಲವಿಟ್ಟು ಕೂತಳು. "ಚುಕ್ಕಿ ಅಲ್ಲ ಕಣ್ರೋ, ಚುಕ್ಕ!" ಎಂದು ಯಾರೋ ಅಂದರು. ಒಂದಿಷ್ಟು ನಗು ಎದ್ದಿತು. ಟೀಚರ್ ಒಳಗೆ ಬಂದದ್ದು ಕಂಡು ನಗು ನಿಂತಿತು. ಅವರು ಹಾಜರಿ ಪುಸ್ತಕ ತೆರೆದರಾದರೂ, ಕಿಟಕಿಯಲ್ಲಿ ಕೇಳಿದ ಮಾತು ಕಿವಿಯಲ್ಲೇ ಇತ್ತು. ಪೇಪರ್‌ನಲ್ಲಿ ಬರೋ ಹಾಗೆ.

ಆ ಪೇಪರು ಅವರದೇ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಶಾಲೆಯಿಂದ ಹೊರಡುತ್ತಿದ್ದ ಒಂದೇ ಹಾಳೆಯ ಸುದ್ದಿಪತ್ರ. ಯಾವ ತರಗತಿಗೆ ಹೊಸ ಬೆಂಚು ಬಂತು, ಯಾರ ಛತ್ರಿ ಕಳೆದಿದೆ, ಪರೀಕ್ಷೆ ಯಾವಾಗ, ಇಷ್ಟೇ. ಮಕ್ಕಳು ಮನೆಗೆ ಒಯ್ಯುತ್ತಿದ್ದರು. ಬೀದಿಯ ಅಂಗಡಿಗಳಿಗೂ ಒಂದೊಂದು ಪ್ರತಿ ಹೋಗುತ್ತಿತ್ತು. ಈ ವರ್ಷ ಟೀಚರ್ ಅದರಲ್ಲಿ 'ನಾ ಕಂಡ ಒಳ್ಳೆಯದು' ಎಂಬ ಒಂದು ಮೂಲೆ ಸೇರಿಸಿದ್ದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಟ್ಟುವುದನ್ನು ಮಕ್ಕಳು ಚಿಕ್ಕಂದಿನಲ್ಲೇ ಕಲಿಯಲಿ ಎಂಬುದು ಅವರ ಆಸೆ. ಹಳೆಯ ಬಿಸ್ಕತ್ತು ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಜಗುಲಿಯಲ್ಲಿ ಇಟ್ಟಿದ್ದರು. ಯಾರಾದರೂ ಯಾರಿಗಾದರೂ ಮಾಡಿದ ಒಳ್ಳೆಯ ಕೆಲಸ ಕಂಡರೆ ಚೀಟಿ ಬರೆದು ಹಾಕಬೇಕು. ಬರೆದವರ ಹೆಸರು ಬೇಡ. ಮಕ್ಕಳು ಮುಗಿಬಿದ್ದು ಬರೆದರು. ಡಬ್ಬಿ ವಾರಕ್ಕೊಮ್ಮೆ ತುಂಬುತ್ತಿತ್ತು.

ಊಟದ ಬಿಡುವಿನಲ್ಲಿ ಹೆಡ್‌ಮಾಸ್ಟರು ನಗುತ್ತಾ ಬಂದರು.

"ಟೀಚರ್, ಈ ಸಲದ್ದು ಓದಿ ಕಣ್ಣಲ್ಲಿ ನೀರು ಬಂತು ಅಂತ ನಾಲ್ಕು ಜನ ಫೋನ್ ಮಾಡಿದ್ರು. ಮುಂದಿನ ಸಲ ಇನ್ನೂ ದೊಡ್ಡದಾಗಿ ಹಾಕಿ. ಬೇಕಾದ್ರೆ ಆ ಛತ್ರಿ ಸುದ್ದಿ ತೆಗೀರಿ."

"ಆ ಮಗು ಕೂದಲು ಕತ್ತರಿಸಿಕೊಂಡು ಬಂದಿದೆ, ಸರ್."

"ಹೌದಾ? ಸೆಕೆಗೆ ಒಳ್ಳೇದೇ ಬಿಡಿ" ಎಂದು ಅವರು ಹೊರಟುಹೋದರು.

ಟೀಚರ್ ಬೀರು ತೆಗೆದು ಫೈಲಿನಿಂದ ಹಾಳೆಯನ್ನೂ ಅದಕ್ಕೆ ಚುಚ್ಚಿಟ್ಟಿದ್ದ ಚೀಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರು. ಹಾಳೆಯಲ್ಲಿ ಇಬ್ಬರ ಹೆಸರಿನೊಡನೆ ಹೀಗೆ ಅಚ್ಚಾಗಿತ್ತು: 'ತಾಯಿಯನ್ನು ಕಳೆದುಕೊಂಡು, ಜಡೆ ಹಾಕುವವರಿಲ್ಲದೆ ಬರುವ ತನ್ನ ಸಹಪಾಠಿಗೆ ಈ ಪುಟ್ಟ ಹುಡುಗಿ ದಿನವೂ ಜಡೆ ಹಾಕುತ್ತಾಳೆ. ಎಂಥ ಮೃದು ಹೃದಯ!' ಚೀಟಿಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರಗಳಿದ್ದವು: 'ಗಿರಗಿಟ್ಲೆ ದಿನಾ ತೊಟ್ಟಿ ಹಿಂದೆ ಚುಕ್ಕಿ ಜಡೆ ಬಿಚ್ಚಿ ಮತ್ತೆ ಹಾಕ್ತಾಳೆ. ಇಬ್ಬರೂ ತುಂಬ ನಗ್ತಾರೆ.'

ಅವರು ಎರಡನ್ನೂ ಮೂರು ನಾಲ್ಕು ಸಲ ಓದಿದರು. ನಗುವುದನ್ನು ತಾವೇ ತೆಗೆದಿದ್ದರು, ಜಾಗ ಸಾಲದೆಂದು. ತಾಯಿ ಇಲ್ಲದ್ದನ್ನು ತಾವೇ ಸೇರಿಸಿದ್ದರು, ಓದುವವರ ಮನಸ್ಸು ಕರಗಲೆಂದು.

ಹೋದ ವರ್ಷ ಟೀಚರ ಯಜಮಾನರು ತೀರಿಕೊಂಡಿದ್ದರು. ಇದೇ ಹಾಳೆಗಳನ್ನು ಮಡಚಲು ಅವರು ಪಕ್ಕದಲ್ಲಿ ಕೂರುತ್ತಿದ್ದರು. ಅವರು ಮಡಚಿದ್ದು ಎಂದೂ ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಅವರು ಹೋದ ಮೇಲೆ ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ಜನ ತಮ್ಮನ್ನು ಕಂಡ ಕೂಡಲೇ ದನಿ ಇಳಿಸುತ್ತಿದ್ದರು. ನಗುತ್ತಿದ್ದವರು ನಗು ನಿಲ್ಲಿಸುತ್ತಿದ್ದರು. ಒಳ್ಳೆಯ ಮನಸ್ಸಿನವರೇ. ಆದರೂ ಮನೆಗೆ ಬಂದು ದೇವರ ಮುಂದೆ ಕೂತು, "ಇವರಿಂದ ನನ್ನನ್ನು ಸ್ವಲ್ಪ ಕಾಪಾಡಪ್ಪ" ಎಂದು ಬೇಡಿದ್ದುಂಟು. ಈಗ ಆ ಚೀಟಿಯ ಮುಂದೆ ಕೂತು ಅವರಿಗೆ ಏನು ಬೇಡುವುದೆಂದು ತಿಳಿಯಲಿಲ್ಲ. ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡರು.

ಚುಕ್ಕಿಯ ಅಪ್ಪನದು ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಸಲೂನು. ಒಂದೇ ತಿರುಗುವ ಕುರ್ಚಿ, ಉದ್ದನೆಯ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹಿಂದುಗಡೆ ಪರದೆ, ಪರದೆಯ ಆಚೆ ಮನೆ. ಟೀಚರ್ ಸಂಜೆ ಅಲ್ಲಿಗೆ ಹೋದಾಗ ಪೇಪರ್ ಅಂಗಡಿಯ ಯಜಮಾನ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ. ಸಲೂನಿನವನು ಕತ್ತಿ ಕೆಳಗಿಟ್ಟು, ಟವೆಲಿನಿಂದ ಬೆಂಚು ಒರೆಸಿದ.

"ಬನ್ನಿ ಟೀಚರಮ್ಮ, ಕೂತ್ಕೊಳ್ಳಿ. ಮಗಳು ಪಾಠಕ್ಕೆ ಹೋಗಿದಾಳೆ. ಏನಾದ್ರೂ ಗಲಾಟೆ ಮಾಡಿದ್ಲಾ?"

"ಇಲ್ಲಪ್ಪ. ಗಲಾಟೆ ನಾನು ಮಾಡಿದ್ದು."

ನೊರೆಯೊಳಗಿಂದ ಪೇಪರ್ ಅಂಗಡಿಯವನು ಮಾತಾಡಿದ. "ಆ ಸುದ್ದಿ ವಿಷಯನಾ ಟೀಚರ್? ಬಹಳ ಚೆನ್ನಾಗಿ ಬರ್ದಿದ್ರಿ. ಶುಕ್ರವಾರ ಇಲ್ಲೇ ಜೋರಾಗಿ ಓದಿದ್ದೆ ನಾನು. ಎಲ್ಲಾರೂ ಕೇಳಿದ್ರು."

"ಅಲ್ಲಾಡ್ಬೇಡ ಅಣ್ಣ, ಕತ್ತಿ ಹಿಡೀತೀನಿ" ಎಂದ ಸಲೂನಿನವನು. ಒಂದು ಕೆನ್ನೆಯ ಮೇಲೆ ಕತ್ತಿಯನ್ನು ಕೆಳಗಿನವರೆಗೂ ಇಳಿಸಿದ ಮೇಲೆ, ಕನ್ನಡಿಯನ್ನೇ ನೋಡುತ್ತಾ ಹೇಳಿದ: "ಓದಿ ಇವ್ರು ಏನಂದ್ರು ಗೊತ್ತಾ ಟೀಚರಮ್ಮ? 'ಊರವರ ತಲೆಯೆಲ್ಲಾ ನಿನ್ನ ಕೈಲಿ, ಮಗಳ ತಲೆ ಮಾತ್ರ ಕಂಡವರ ಮಗು ಕೈಲಾ?' ಅಂದ್ರು. ಬೆಂಚಲ್ಲಿದ್ದ ನಾಲ್ಕೂ ಜನ ನಕ್ರು. ನಾನೂ ನಕ್ಕೆ. ಗಿರಾಕಿ ನಕ್ಕಾಗ ನಗದೆ ಇರೋಕಾಗುತ್ತಾ?"

"ತಮಾಷೆಗಂದೆ ಮಾರಾಯ" ಎಂದ ಪೇಪರ್ ಅಂಗಡಿಯವನು, ಮೆಲ್ಲಗೆ.

"ಗೊತ್ತು ಬಿಡಣ್ಣ. ಆದ್ರೆ ಅವಳು ಪರದೆ ಹಿಂದೆ ಕೂತು ಮಗ್ಗಿ ಬರೀತಿದ್ಲು."

ಕತ್ತಿ ಇನ್ನೊಂದು ಕೆನ್ನೆಗೆ ಹೋಯಿತು. ಟೀಚರ್ ಹೇಳಿದರು: "ಜಡೆ ಹಾಕುವವರಿಲ್ಲ ಅಂತ ಯಾವ ಮಗೂನೂ ಬರ್ದಿರಲಿಲ್ಲ. ಅದನ್ನ ಸೇರಿಸಿದ್ದು ನಾನು. ನಿಮ್ಮನ್ನ ಒಂದು ಮಾತು ಕೇಳಲಿಲ್ಲ."

"ನಾನು ಹಾಕ್ತಿದ್ದೆ ಟೀಚರಮ್ಮ." ಅವನ ದನಿ ಏರಲಿಲ್ಲ. "ಅವಳಮ್ಮ ಹೋದ ಮೇಲೆ ಒಂದು ದಿನಾನೂ ತಪ್ಪಿಸಿಲ್ಲ. ನಂಗೆ ಕತ್ತರಿ ಕೆಲಸ ಗೊತ್ತು, ಹೆಣೆಯೋದು ಕೈಗೆ ಹತ್ತಲಿಲ್ಲ. ಮೊದಮೊದಲು ಅವಳು ಸಂಜೆ ಬರೋ ಹೊತ್ತಿಗೆ ಜಡೆ ಪೂರ್ತಿ ಬಿಚ್ಚಿಹೋಗಿರ್ತಿತ್ತು. ಆಮೇಲೆ ಒಂದು ದಿನದಿಂದ ನಿಲ್ಲೋಕೆ ಶುರುವಾಯ್ತು. ನೆಟ್ಟಗೆ, ಬಿಗಿಯಾಗಿ, ಸಂಜೆವರೆಗೂ. 'ನೋಡಪ್ಪ, ನೀ ಹಾಕಿದ್ದು ಹಾಗೇ ಇದೆ' ಅಂತ ತೋರಿಸ್ತಿದ್ಲು. ಪರವಾಗಿಲ್ಲ, ಕಲ್ತುಬಿಟ್ಟೆ ಅಂದ್ಕೊಂಡೆ. ಇಲ್ಲಿ ಬಂದವರಿಗೆಲ್ಲಾ ಹೇಳಿದ್ದೂ ಹೇಳಿದ್ದೇ. ಕೇಳಿ ಬೇಕಾದ್ರೆ ಈ ಅಣ್ಣನ್ನ."

ಪೇಪರ್ ಅಂಗಡಿಯವನು ಕಣ್ಣು ಮುಚ್ಚಿಕೊಂಡ.

ಟೀಚರಿಗೆ ಚೀಟಿಯ ಮಾತು ಈಗ ಅರ್ಥವಾಯಿತು. ಬಿಚ್ಚಿ ಮತ್ತೆ ಹಾಕ್ತಾಳೆ. ಅಪ್ಪ ಹೆಣೆದದ್ದನ್ನು ಮಗು ತೊಟ್ಟಿಯ ಹಿಂದೆ ಬಿಚ್ಚಿಸಿ, ಹೊಸದಾಗಿ ಹಾಕಿಸಿಕೊಂಡು, ಸಂಜೆ ಅದನ್ನೇ ಅಪ್ಪನದೆಂದು ತೋರಿಸುತ್ತಿತ್ತು. ಅಪ್ಪನ ಮನಸ್ಸು ನೋಯದಿರಲೆಂದು ಎಂಟು ವರ್ಷದ ಮಗು ಇಷ್ಟು ತಿಂಗಳು ಕಾಪಾಡಿದ್ದನ್ನು ತಾವು ಅಚ್ಚು ಹಾಕಿಸಿ ಬೀದಿಗೆ ಹಂಚಿದ್ದರು.

"ಕೂದಲು ನೀವೇ..." ಎಂದು ಅವರು ನಿಲ್ಲಿಸಿದರು.

"ಅವಳೇ ಕೇಳಿದ್ದು. ಭಾನುವಾರ ಬೆಳಿಗ್ಗೆ ಬಂದು ಈ ಕುರ್ಚಿ ಹತ್ತಿ ಕೂತ್ಲು. ಬೇಡ ಕಂದಾ ಅಂದೆ. 'ಕತ್ತರಿಸಪ್ಪ, ಕಟಿಂಗ್ ನಿಂಗೆ ತುಂಬ ಚೆನ್ನಾಗಿ ಬರುತ್ತಲ್ಲ' ಅಂದ್ಲು." ಅವನು ಕತ್ತಿಯನ್ನು ಟವೆಲಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮುಂದಿನ ಹಾಳೆಯಲ್ಲಿ ನನ್ನ ತಪ್ಪು ಅಂತ ಹಾಕ್ತೀನಿ."

"ಬೇಡಿ ಟೀಚರಮ್ಮ. ಹಾಕಿದ್ರೆ ಮತ್ತೆ ಓದ್ತಾರೆ." ಕತ್ತಿ ಕೆಳಗಿಟ್ಟು ಸೇರಿಸಿದ: "ಇನ್ನೊಂದು ಮಗು ಇದೆಯಲ್ಲ, ಆ ಗಿರಗಿಟ್ಲೆ. ಅವಳ ಜೊತೆ ಇವಳು ಮಾತು ಬಿಟ್ಟಿದಾಳೆ. ಕೂದಲು ಬೆಳೆಯುತ್ತೆ, ಅದರ ಯೋಚನೆ ನಂಗಿಲ್ಲ. ಮಾತು ಬಿಟ್ಟಿದ್ದು ಒಂದು ಸರಿ ಮಾಡಿಕೊಡಿ."

ಮರುದಿನ ಆಟದ ಬಿಡುವಿನಲ್ಲಿ ಚುಕ್ಕಿ ತರಗತಿಯಲ್ಲೇ ಉಳಿದಿದ್ದಳು. ಟೀಚರ್ ಕಡೆಯ ಬೆಂಚಿಗೆ ಹೋಗಿ ಅವಳ ಪಕ್ಕದಲ್ಲಿ ಕೂತರು. ಬೆಂಚು ಮಕ್ಕಳದು, ಮೊಣಕಾಲು ಎದೆಗೆ ಬರುತ್ತಿತ್ತು.

"ಗಿರಗಿಟ್ಲೆ ಯಾರಿಗೂ ಹೇಳಿಲ್ಲ ಪುಟ್ಟಾ. ಯಾರೋ ಕಂಡವರು ಚೀಟಿ ಹಾಕಿದ್ರು. ಕೆಡಿಸಿದ್ದು ನಾನು. ನಂದು ತಪ್ಪಾಯ್ತು."

ಚುಕ್ಕಿ ಬೆಂಚಿನ ಮೇಲಿನ ಗೀಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅಮ್ಮ ಇಲ್ಲ ಅಂತ ಯಾಕೆ ಬರ್ದ್ರಿ?"

"ಬರೀಬಾರದಿತ್ತು" ಎಂದರು ಟೀಚರ್.

"ಅಪ್ಪಂಗೆ ಗೊತ್ತಾಗಿಹೋಯ್ತು."

"ಹೂಂ."

"ಅಪ್ಪ ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು."

ಟೀಚರ್ ಪರ್ಸಿನಿಂದ ಚೀಟಿ ತೆಗೆದು ಕೊಟ್ಟರು. ಚುಕ್ಕಿ ಅಕ್ಷರ ಅಕ್ಷರವಾಗಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು.

"ಯಾಕೆ ಅಷ್ಟೊಂದು ನಗ್ತಿದ್ರಿ?" ಟೀಚರ್ ಕೇಳಿದರು.

"ಅಪ್ಪ ರಿಬ್ಬನ್ನಿಗೆ ಗಂಟು ಹಾಕ್ತಿದ್ರು ಟೀಚರ್. ಚೀಲಕ್ಕೆ ಹಾಕೋ ಗಂಟು. ಗಿರಗಿಟ್ಲೆ ಹಲ್ಲಿಂದ ಬಿಚ್ತಿದ್ಲು." ಹೇಳುತ್ತಾ ಚುಕ್ಕಿಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ನಗುವೋ ಅಳುವೋ ತಿಳಿಯುವ ಮೊದಲೇ ಅವಳು ಎದ್ದು ಚೀಟಿ ಹಿಡಿದು ಹೊರಗೆ ಓಡಿದಳು. ಟೀಚರ್ ಎದ್ದು ನೋಡಲು ಹೋಗಲಿಲ್ಲ.

ಡಬ್ಬಿ ಜಗುಲಿಯಲ್ಲೇ ಉಳಿಯಿತು. ಆದರೆ ಈಗ ಟೀಚರ್ ಚೀಟಿ ಬಂದ ಕೂಡಲೇ ಸಹಾಯ ಪಡೆದ ಮಗುವಿನ ಹತ್ತಿರ ಹೋಗಿ, ಗುಟ್ಟಾಗಿ ಓದಿ ಹೇಳಿ, "ಹಾಕಲೇನಪ್ಪ?" ಎಂದು ಕೇಳುತ್ತಿದ್ದರು. ಕೆಲವರು ಹೂಂ ಅನ್ನುತ್ತಿದ್ದರು. ಬಹಳ ಮಕ್ಕಳು ಬೇಡವೆಂದು ತಲೆಯಾಡಿಸಿ, ಚೀಟಿಯನ್ನು ತಾವೇ ಇಸಿದುಕೊಂಡು ಕಂಪಾಸು ಡಬ್ಬಿಯಲ್ಲಿ ಇಡುತ್ತಿದ್ದರು. ಮುಂದಿನ ಸಲದ ಶುಕ್ರವಾರದ ಹಾಳೆಯಲ್ಲಿ ಮೂಲೆ ಚಿಕ್ಕದಾಗಿ, ಛತ್ರಿಯ ಸುದ್ದಿ ದೊಡ್ಡದಾಯಿತು. ಹೆಡ್‌ಮಾಸ್ಟರು ಹುಬ್ಬೇರಿಸಿದರು.

ಅಂದು ಸಂಜೆ ಅಂಗಡಿಗಳ ಪ್ರತಿಗಳನ್ನು ಮಕ್ಕಳ ಕೈಗೆ ಕೊಡದೆ ಅವರೇ ಹಂಚಲು ಹೊರಟರು. ಸಲೂನಿನ ಗಾಜಿನ ಬಾಗಿಲ ಹೊರಗೆ ಬಂದು ನಿಂತರು. ಒಳಗೆ ಬೆಂಚಿನ ಮೇಲೆ ಪೇಪರ್ ಅಂಗಡಿಯವನು ಸರದಿಗೆ ಕಾಯುತ್ತಾ ಕೂತಿದ್ದ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ, ಚಿಕ್ಕ ಮಕ್ಕಳಿಗೆ ಹಾಕುವ ಹಲಗೆ ಹಾಕಿತ್ತು. ಅದರ ಮೇಲೆ ಗಿರಗಿಟ್ಲೆ ಕೂದಲು ಬಿಚ್ಚಿಕೊಂಡು, ಅಲ್ಲಾಡದೆ, ನೆಟ್ಟಗೆ ಕೂತಿದ್ದಳು. ಸಲೂನಿನವನು ಅವಳ ಹಿಂದೆ ನಿಂತು ಮೂರು ಎಳೆಗಳನ್ನು ಬೆರಳುಗಳ ನಡುವೆ ಹಿಡಿದು, ಯಾವುದು ಯಾವುದರ ಮೇಲೆ ಹೋಗಬೇಕೆಂದು ಯೋಚಿಸುತ್ತಿದ್ದ. ಚುಕ್ಕಿ ಪಕ್ಕದಲ್ಲಿ ರಿಬ್ಬನ್ ಹಿಡಿದುಕೊಂಡಿದ್ದಳು.

"ಬಲಗಡೇದು ಅಪ್ಪ. ಬಲಗಡೇದು ಮಧ್ಯಕ್ಕೆ."

"ಎಳೀರಿ ಅಂಕಲ್" ಎಂದಳು ಗಿರಗಿಟ್ಲೆ. "ಹೀಗೆ ಮೆತ್ತಗೆ ಹಿಡಿದ್ರೆ ನಿಲ್ಲಲ್ಲ."

"ನೋಯುತ್ತೆ ಮಗೂ."

"ನೋಯಲ್ಲ, ಎಳೀರಿ."

ಅವನು ಎಳೆದ. ಕನ್ನಡಿಯಲ್ಲಿ ಗಿರಗಿಟ್ಲೆಯ ಹುಬ್ಬು ಮೇಲೇರಿ, ಕಣ್ಣಂಚಿನಲ್ಲಿ ನೀರು ಬಂದಿತು. "ಇನ್ನೂ ಬಿಗಿ" ಎಂದಳು.

ಟೀಚರ್ ಬಾಗಿಲಿಗೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಸಲೂನಿನ ಪ್ರತಿಯನ್ನು ಮಡಚಿ ಉಳಿದವುಗಳ ಕೆಳಗೆ ಇಟ್ಟು, ಮುಂದಿನ ಅಂಗಡಿಯ ಕಡೆ ನಡೆದರು.